ಗೆಂಡೆಮೀನಿನ ಹಚ್ಚೆ

ಹೋದ ತಿಂಗಳು ಜ್ವರ ಬಂದು ಮಲಗಿದ್ದೆ. ಡಾಕ್ಟರು ಬರೆದುಕೊಟ್ಟ ಕ್ಯಾಪ್ಸೂಲು ನನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಸೊಸೆ ಅದನ್ನು ಬಿಡಿಸಿ, ಒಳಗಿದ್ದ ಹಳದಿ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ, ಚಮಚವನ್ನು ಬಾಯಿಯ ಹತ್ತಿರ ತಂದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳ ಕೈ ಸರಿಸಿ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. "ಯಾಕತ್ತೆ, ತುಂಬಾ ಕಹಿನಾ?" ಎಂದಳು. ಹೂಂ ಎಂದೆ. ಆ ವಾಸನೆಯ ಜೊತೆ ನಾನೊಂದು ವರ್ಷ ಕಳೆದಿದ್ದೇನೆ. ಆ ವರ್ಷದ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತನಾಲ್ಕು. ಕೆರೆಗಳಿಗೆ ಮೀನುಮರಿ ಬಿಡುವ ಒಂದು ಸರ್ಕಾರಿ ಕಚೇರಿಯಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸ, ಅದೂ ಟೆಂಪರರಿ. ಕಚೇರಿ ಎಂದಕೂಡಲೇ ಕಂಬ ಕಮಾನು ಎಲ್ಲ ಕಲ್ಪಿಸಿಕೊಳ್ಳಬೇಡಿ. ಚಾಮರಾಜಪೇಟೆಯ ಒಂದು ಹಳೇ ಮನೆಯ ಮಹಡಿ ಅದು. ಎರಡು ಕೋಣೆ, ಒಂದು ಬಚ್ಚಲು, ಮೇಲೆ ತಾರಸಿ. ಕೆಳಗೆ ಮನೆಯ ಒಡತಿ ಸೀತಮ್ಮನವರು. ಬಾಡಿಗೆಗೆ ಕೊಡುವಾಗ ಅವರು ಸರ್ಕಾರಿ ಆಫೀಸು ಎನ್ನುವುದನ್ನಷ್ಟೇ ಕಿವಿಗೆ ಹಾಕಿಕೊಂಡಿದ್ದರು. ಮೀನಿನ ಆಫೀಸು ಎಂದು ತಿಳಿಯುವಷ್ಟರಲ್ಲಿ ನಾವು ಬೆಂಚು ಹಾಕಿಕೊಂಡು ಕೂತಾಗಿತ್ತು. "ನಿಮ್ಮ ಮೀನಿನ ನಾತಕ್ಕೆ ನಮ್ಮ ದೇವರು ಮನೆ ಬಿಟ್ಟು ಹೋಗ್ತಾನೆ ಕಣೇ ಹುಡುಗಿ" ಎಂದು ಮೂಗು ಮುರಿಯುತ್ತಾ, ಅದೇ ಉಸಿರಿನಲ್ಲಿ "ಕಾಫಿ ಕುಡೀತೀಯಾ?" ಎಂದೂ ಕೇಳುತ್ತಿದ್ದರು.

ನಮ್ಮ ಮನೆ ಹನುಮಂತನಗರದಲ್ಲಿ. ಅಪ್ಪ ಬಟ್ಟೆ ಮಿಲ್ಲಿನವರು. ಆ ವರ್ಷ ಮಿಲ್ಲು ಬಾಗಿಲು ಹಾಕಿತ್ತು, ಅಪ್ಪ ಬೆಳಗಾದರೆ ಗೇಟಿನ ಮುಂದೆ ಹೋಗಿ ನಿಂತು ಮಧ್ಯಾಹ್ನ ಬರುತ್ತಿದ್ದರು. ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ. ನನ್ನ ಕೆಲಸ ಪರ್ಮನೆಂಟ್ ಆಗಲಿ ಎಂದು ಅಮ್ಮ ಹರಕೆ ಹೊರದ ದೇವರಿರಲಿಲ್ಲ.

ನಮ್ಮ ಕಚೇರಿಗೆ ಆಗ ಒಂದೇ ತಲೆನೋವು, ಊರೊಳಗಿನ ಒಂದು ಕೆರೆ. ಅದರ ಹೆಸರು ಬರೆಯುವುದಿಲ್ಲ. ಈಗ ಅಲ್ಲಿ ಕೆರೆಯೇ ಇಲ್ಲ, ಹೆಸರು ಬರೆದು ಏನಾಗಬೇಕು. ಅದನ್ನು ಮುಚ್ಚಿ ಬಸ್ ನಿಲ್ದಾಣ ಮಾಡಬೇಕೆಂದು ಕೆಲವರು ಹಟ ಹಿಡಿದಿದ್ದರು. ಅದು ಕೆರೆಯಲ್ಲ, ಕೊಳಚೆ ಗುಂಡಿ, ಅಲ್ಲಿ ಮೀನು ಬದುಕುವುದೇ ಇಲ್ಲ ಎನ್ನುವುದು ಅವರ ವಾದ. ಅಲ್ಲಿ ಮೀನು ಸಿಗುತ್ತಿದೆಯಲ್ಲ ಎಂದರೆ, ಅವು ಮಳೆಗಾಲದಲ್ಲಿ ಮೇಲಿನ ಕೆರೆ ಕೋಡಿ ಬಿದ್ದಾಗ ಕಾಲುವೆಯಲ್ಲಿ ಹರಿದುಬಂದವು, ನೀವು ಬಿಟ್ಟ ಮರಿಗಳೆಲ್ಲ ಸತ್ತಿವೆ ಎನ್ನುತ್ತಿದ್ದರು. ನಾವು ಬಿಟ್ಟ ಮರಿ ಅಲ್ಲೇ ಬದುಕಿ ಬೆಳೆದಿದೆ ಎಂದು ತೋರಿಸಿದರೆ ಕೆರೆ ಉಳಿಯುತ್ತದೆ, ಇಲ್ಲದಿದ್ದರೆ ಇಲಾಖೆ ಕೈಬಿಡುತ್ತದೆ. ಆದರೆ ಮೀನು ಮೀನಿನ ಹಾಗೇ ಇರುತ್ತದೆ. ಇದು ನಮ್ಮದು, ಅದು ಹರಿದುಬಂದದ್ದು ಎಂದು ಹೇಗೆ ಹೇಳುವುದು?

ಉಪಾಯ ನಮ್ಮ ಸಾಹೇಬರು ಶಿವರುದ್ರಯ್ಯನವರದ್ದು. ನಿವೃತ್ತಿಗೆ ಹತ್ತಿರವಿದ್ದ ಸಣಕಲು ಮನುಷ್ಯ, ಓದುವ ಹುಚ್ಚು ಬಹಳ. ಟೆಟ್ರಾಸೈಕ್ಲಿನ್ ಎಂಬ ಔಷಧಿಯ ಪುಡಿಯನ್ನು ನೀರಿನಲ್ಲಿ ಕದಡಿ ಮರಿಗಳನ್ನು ಒಂದಷ್ಟು ಗಂಟೆ ಅದರಲ್ಲಿ ಬಿಟ್ಟರೆ, ಔಷಧಿ ಹೋಗಿ ಬೆಳೆಯುವ ಮೂಳೆಯಲ್ಲಿ ಕೂರುತ್ತದಂತೆ. ಬರಿಗಣ್ಣಿಗೆ ಏನೂ ಕಾಣದು. ಮೀನು ದೊಡ್ಡದಾದ ಮೇಲೆ ಬೆನ್ನುಮೂಳೆ ಸೀಳಿ, ಕತ್ತಲಲ್ಲಿ ಒಂದು ಬಗೆಯ ನೇರಳೆ ದೀಪ ಹಿಡಿದರೆ ಮೂಳೆಯ ನಡುವೆ ಹೊನ್ನಿನ ಬಣ್ಣದ ಉಂಗುರ ಹೊಳೆಯುತ್ತದೆ. ಉಂಗುರ ಇದ್ದರೆ ನಮ್ಮ ಮೀನು, ಇಲ್ಲದಿದ್ದರೆ ಹೊರಗಿನದು.

ಆ ಕೆರೆಯನ್ನು ನಂಬಿ ಏಳೆಂಟು ಬೆಸ್ತರ ಮನೆಗಳಿದ್ದವು. ಅವರ ಹಿರಿಯ ಗಂಗಪ್ಪ. ಐವತ್ತು ದಾಟಿದ ಎತ್ತರದ ಆಳು, ತಲೆಗೆ ಸದಾ ಒದ್ದೆ ಟವಲು. ಮೊದಲ ದಿನ ನಾನು ಮೂಳೆಯ ವಿಚಾರ ವಿವರಿಸಿದಾಗ ಅವನು ತನ್ನ ಮುಂಗೈ ಸವರಿಕೊಂಡ.

"ಅಂದ್ರೆ ಹಚ್ಚೆ ಹಾಕಿದಂಗೆ ಅನ್ನಿ ಮೇಡಮ್ಮ. ನಮ್ಮವ್ವನ ಕೈ ಮೇಲೆ ಇತ್ತು, ಸುಡೋವರ್ಗೂ ಹೋಗ್ಲಿಲ್ಲ."

"ಹಚ್ಚೆನೇ ಗಂಗಣ್ಣ, ಒಳಗಡೆ ಹಾಕೋದು ಅಷ್ಟೆ."

"ನೋವಾಗಲ್ವಾ ಮರಿಗೆ?"

ಆಗುವುದಿಲ್ಲ ಎಂದೆ. ನನಗೇನು ಗೊತ್ತಿತ್ತು, ಸಾಹೇಬರು ಹೇಳಿದ್ದನ್ನು ಒಪ್ಪಿಸಿದೆ.

ಆಗಸ್ಟಿನ ಜಡಿಮಳೆಯಲ್ಲಿ ಹಚ್ಚೆಯ ಕೆಲಸ ನಡೆಯಿತು. ನಲ್ಲಿ ನೀರು ಆಗದು, ಬಾವಿ ನೀರಿನಲ್ಲಿ ಸುಣ್ಣದಂಶ ಜಾಸ್ತಿ, ಔಷಧಿ ಕೆಡುತ್ತದೆ. ತಾರಸಿಯಿಂದ ಸುರಿಯುವ ಮಳೆನೀರನ್ನೇ ಡ್ರಮ್ಮಿನಲ್ಲಿ ಹಿಡಿದು ಬಚ್ಚಲ ತೊಟ್ಟಿಗೆ ತುಂಬಿದೆವು. ಬಚ್ಚಲ ಕಿಟಕಿಗೆ ಗೋಣಿತಾಟು ಜಡಿದವಳು ನಾನೇ. ಬೆಳಕು ಬಿದ್ದರೆ ಔಷಧಿ ಸತ್ವ ಕಳೆದುಕೊಳ್ಳುತ್ತದೆ, ಒಂದು ಬಿರುಕೂ ಬಿಡಬೇಡ ಎಂದು ಸಾಹೇಬರು ಹೇಳಿದ್ದರು. ನಾನು ಬಾಗಿಲ ಸಂದಿಗೂ ಹಳೇ ಸೀರೆ ತುರುಕಿದೆ. ಬೆಳಕಿಗೂ ಆ ಔಷಧಿಗೂ ಆಗದು ಎಂದು ನನಗೆ ಅವತ್ತೇ ಗೊತ್ತಿತ್ತು.

ಕತ್ತಲ ಬಚ್ಚಲಲ್ಲಿ ಬೆರಳುದ್ದದ ಸಾವಿರಾರು ಗೆಂಡೆಮರಿಗಳು ಆ ಹಳದಿ ನೀರಿನಲ್ಲಿ ಸುತ್ತುತ್ತಿದ್ದವು. ಮೂಗು ಮುಚ್ಚಿಕೊಳ್ಳಬೇಕಾದಂಥ ಘಾಟು. ಗಂಗಪ್ಪ ತೊಟ್ಟಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಆಗಾಗ ಕೈ ಅದ್ದಿ, ಬೆರಳಿಗೆ ತಾಗುವ ಮರಿಗಳ ಓಟದಿಂದಲೇ ಅವುಗಳ ಆರೋಗ್ಯ ಹೇಳುತ್ತಿದ್ದ. "ಗಟ್ಟಿ ಅದಾವೆ ಮೇಡಮ್ಮ, ಭಯ ಬೇಡ." ಮರುದಿನ ಬೆಳಗ್ಗೆ ಅಗಲ ಬಾಯಿಯ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಮರಿಗಳನ್ನು ತುಂಬಿ ಕೆರೆಗೆ ಸಾಗಿಸಿದೆವು. ಪಾತ್ರೆಯ ನೀರು ನಿಂತರೆ ಮರಿಗಳಿಗೆ ಉಸಿರುಗಟ್ಟುತ್ತದೆ, ಅದಕ್ಕೆ ದಾರಿಯುದ್ದಕ್ಕೂ ಅಂಗೈಯಲ್ಲಿ ನೀರು ಬಡಿಯುತ್ತಲೇ ಇರಬೇಕು. ಗಾಡಿಯ ಹಿಂದೆ ಕೂತು ಅವನು ಚಪ್ ಚಪ್ ಎಂದು ಬಡಿಯುತ್ತಾ ಹೋದ, ಸೈಕಲ್ಲಿನವರು ತಿರುಗಿ ನೋಡುತ್ತಿದ್ದರು. ನಾನು ಮುಂದೆ ಡ್ರೈವರ್ ಪಕ್ಕ ಕೂತಿದ್ದೆ. ಕೆರೆಯ ಮೆಟ್ಟಿಲ ಮೇಲೆ ನಿಂತು, ಪಾತ್ರೆಗೆ ಬೊಗಸೆ ಬೊಗಸೆ ಕೆರೆ ನೀರು ಬೆರೆಸಿ, ಮರಿಗಳಿಗೆ ಹೊಸ ನೀರಿನ ಚಳಿ ಅಭ್ಯಾಸ ಮಾಡಿಸಿ, ಆಮೇಲೆ ಮೆತ್ತಗೆ ಬಗ್ಗಿಸಿದ. ಪೂರ್ತಿ ಖಾಲಿಯಾದ ಮೇಲೂ ಪಾತ್ರೆಯೊಳಗೆ ಇಣುಕಿ, ತಳಕ್ಕೆ ಅಂಟಿದ್ದ ಒಂದು ಮರಿಯನ್ನು ಬೆರಳಲ್ಲಿ ತೆಗೆದು ಬಿಟ್ಟ. ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಆಮೇಲಿನ ತಿಂಗಳುಗಳೇ ನನ್ನ ಸುಖದ ತಿಂಗಳುಗಳು. ವಾರಕ್ಕೊಮ್ಮೆ ನೀರಿನ ಮಾದರಿ ತರುವ ನೆಪದಲ್ಲಿ ಕೆರೆಗೆ ಹೋಗುತ್ತಿದ್ದೆ. ಗಂಗಪ್ಪ ತೆಪ್ಪದಲ್ಲಿ ನಡುನೀರಿಗೆ ಕರೆದೊಯ್ಯುತ್ತಿದ್ದ. ಒಂದು ಮೂಲೆಯಲ್ಲಿ ಮೋರಿ ನೀರು ಸೇರುತ್ತಿತ್ತು, ನಿಜ. ಆದರೆ ನಡುವೆ ನೀರು ತಿಳಿಯಾಗೇ ಇತ್ತು, ಚಳಿಗಾಲದ ಬೆಳಗಿನಲ್ಲಿ ಅದರ ಮೇಲೆ ಹೊಗೆಯಾಡುತ್ತಿತ್ತು. ಅವನ ಹೆಂಡತಿ ಲಕ್ಷ್ಮಕ್ಕ ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ನನಗೊಂದು ಬಟ್ಟಲು ತೆಗೆದಿಡುತ್ತಿದ್ದಳು. "ಉಣ್ಣು ತಾಯಿ, ಗಾಳಿಗೆ ಹಾರ್ಕೊಂಡು ಹೋಗಂಗಿದೀಯ" ಎಂದು ಮುದ್ದೆ ಬಡಿಸುತ್ತಿದ್ದಳು. ಒಂದು ಸಲ ನೀರಿನ ಮೇಲೆ ಗುಳ್ಳೆ ಎದ್ದ ಕಡೆ ಗಂಗಪ್ಪ ಕೈ ತೋರಿಸಿ, "ನಮ್ಮವೇ ಅವು. ಬಿಟ್ಟ ಮೆಟ್ಲ ಹತ್ರನೇ ಬಂದು ಮೇಯ್ತವೆ" ಎಂದ. ಹೇಗೆ ಗೊತ್ತು ಎಂದೆ. "ನಿಮ್ ದೀಪ ಬರ್ಲಿ, ಹೇಳ್ತೀನಿ" ಎಂದು ನಕ್ಕ.

ಏಪ್ರಿಲ್ ಕೊನೆಗೆ ಬಲೆ ಬೀಸಿದರು. ಮುಂಗೈ ಗಾತ್ರಕ್ಕೆ ಬಂದಿದ್ದ ಗೆಂಡೆಗಳನ್ನು ಗಂಗಪ್ಪ ತಾನೇ ಹೊತ್ತು ತಂದು ಮಹಡಿ ಮೆಟ್ಟಿಲು ಹತ್ತಿದ. ಸೀತಮ್ಮನವರು ಕೆಳಗೆ ಬಾಗಿಲು ಹಾಕಿಕೊಂಡು ಊದುಬತ್ತಿ ಹಚ್ಚಿದರು. ಆದರೆ ದೀಪ ಬಂದಿರಲಿಲ್ಲ. ಅದು ಒಂದು ಕಾಲೇಜಿನದು, ಪರೀಕ್ಷೆ ಮುಗಿದ ಮೇಲೆ ಎರಡು ದಿನದ ಮಟ್ಟಿಗೆ ಕೊಡುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಮೂಳೆಗಳನ್ನು ಕಾಪಾಡಬೇಕು. "ಜೋಪಾನವಾಗಿ ಇಡಮ್ಮ ವನಜಾ, ಕೊಳೀಬಾರದು" ಎಂದು ಹೇಳಿ ಸಾಹೇಬರು ಬೇರೆ ಜಿಲ್ಲೆಯ ತಪಾಸಣೆಗೆ ಹೊರಟುಹೋದರು.

ಕೊಳೆಯಬಾರದು ಎಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕೇ? ಮಳೆಗಾಲ ದಾಟಬೇಕಾದ ಯಾವುದೇ ವಸ್ತುವಿಗೆ ಎಂಟು ಬಿಸಿಲು ಕೊಡಬೇಕು ಎಂದು ಅಮ್ಮ ಹೇಳುತ್ತಿದ್ದದ್ದು ನನ್ನ ರಕ್ತದಲ್ಲೇ ಇತ್ತು. ಮೀನುಗಳನ್ನು ಬಿಸಿನೀರಿಗೆ ಹಾಕಿ, ಮಾಂಸ ಬಿಡಿಸಿ, ಬೆನ್ನುಮೂಳೆಯ ಗಿಣ್ಣುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಳಗೂ ಒಣಗಲಿ ಎಂದು ಬ್ಲೇಡಿನಲ್ಲಿ ಸೀಳಿದೆ. ತಾರಸಿಯಲ್ಲಿ ಅಪ್ಪನ ಹಳೇ ಬಿಳಿ ಪಂಚೆ ಹಾಸಿ, ಒಂದೊಂದು ಮೀನಿನದ್ದನ್ನೂ ಬೇರೆ ಬೇರೆ ಸಾಲಾಗಿ, ಪಕ್ಕದಲ್ಲಿ ಚೀಟಿ ಇಟ್ಟು ಹರವಿದೆ. ಆ ಕಡೆ ಸೀತಮ್ಮನವರ ಸಂಡಿಗೆ, ಈ ಕಡೆ ನನ್ನ ಮೂಳೆ. ಕಾಗೆ ಬರದಿರಲೆಂದು ಕರೀ ಕೊಡೆ ಬಿಚ್ಚಿ ಅಂಚಿನಲ್ಲಿ ನಿಲ್ಲಿಸಿದೆ, ನೆರಳು ಮೂಳೆಯ ಮೇಲೆ ಬೀಳದ ಹಾಗೆ ಆಗಾಗ ಜರುಗಿಸುತ್ತಲೂ ಇದ್ದೆ. ಮಧ್ಯಾಹ್ನ ಕಾಲು ಸುಡುವ ತಾರಸಿಗೆ ಹತ್ತಿ ಒಂದೊಂದನ್ನೇ ಮಗುಚಿ ಹಾಕುತ್ತಿದ್ದೆ. ಸೀತಮ್ಮನವರೇ ಬಂದು ನೋಡಿ, "ಮೀನಿಂದಾದ್ರೂ ಪರವಾಗಿಲ್ಲ, ಅಚ್ಚುಕಟ್ಟಾಗಿ ಒಣಗಿಸಿದೀಯ" ಎಂದು ಮೆಚ್ಚಿದರು. ಎಂಟು ಬಿಸಿಲಿಗೆ ಮೂಳೆಗಳು ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗಾದವು.

ಒಂಬತ್ತನೇ ದಿನ ಗಂಗಪ್ಪ ಇನ್ನೊಂದು ಮೀನು ತಂದ. "ಇದೊಂದು ದೊಡ್ಡದು ಸಿಕ್ತು, ಇದನ್ನೂ ಸೇರಿಸ್ಕೊಳ್ಳಿ." ಅಂದು ಮೋಡ ಕಟ್ಟಿ ಗುಡುಗು ಮಳೆ ಸುರಿಯಿತು. ಒಣಗಿಸಲಾಗದೆ ಅದರ ಮೂಳೆಯನ್ನು ಒರೆಸಿ, ಒಂದು ಖಾಲಿ ಕಾಫಿಪುಡಿ ಡಬ್ಬದಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಮರೆತೂಬಿಟ್ಟೆ.

ಮೇ ಕೊನೆಗೆ ದೀಪ ಬಂತು. ಸಾಹೇಬರೂ ಬಂದರು. ಒಳಕೋಣೆಯ ಕಿಟಕಿಗೆಲ್ಲ ಕಂಬಳಿ ಹೊದಿಸಿ, ಹಾಡಹಗಲೇ ಕತ್ತಲು ಮಾಡಿಕೊಂಡು ಇಬ್ಬರೂ ಕೂತೆವು. ಮೊದಲ ಮೂಳೆ. ಮಂದವಾದ ನೀಲಿ ಬಿಳುಪು, ಅಷ್ಟೆ. ಎರಡನೆಯದು, ಮೂರನೆಯದು, ಹಾಗೇ. ಸಾಹೇಬರು ಕನ್ನಡಕ ಒರೆಸಿಕೊಂಡರು, ದೀಪ ಹತ್ತಿರ ತಂದರು. ಪಂಚೆಯ ಮೇಲಿದ್ದ ಅಷ್ಟೂ ಮೂಳೆಗಳನ್ನು ನೋಡಿ ಮುಗಿಸುವಷ್ಟರಲ್ಲಿ ನಮ್ಮಿಬ್ಬರ ಬಟ್ಟೆಯೂ ಬೆವರಿಗೆ ಮೈಗಂಟಿತ್ತು. ಒಂದರಲ್ಲೂ ಉಂಗುರ ಇರಲಿಲ್ಲ.

"ಸತ್ತೋಗಿವೆ ಕಣಮ್ಮ" ಎಂದರು ಸಾಹೇಬರು. "ಅವರು ಹೇಳಿದ್ದೇ ಸರಿ ಇರಬೇಕು. ನೀರು ಕೆಟ್ಟಿದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತಮ್ಮ ಕೊನೆಯ ಕೆಲಸ ಹೀಗಾಯಿತಲ್ಲ ಎಂಬ ಸಂಕಟವಿತ್ತು. ಅಂದೇ ಸಂಜೆ ವರದಿ ಬರೆದರು, ಮರುದಿನ ಬೆಳಗ್ಗೆ ಒಯ್ದು ಮೇಲಿನ ಕಚೇರಿಗೆ ಕೊಟ್ಟರು.

ಅವರು ಹೋಗಿದ್ದಾಗ ನಾನು ದೀಪ ವಾಪಸು ಕಳಿಸಲು ಪ್ಯಾಕ್ ಮಾಡುತ್ತಿದ್ದೆ. ಹಗ್ಗಕ್ಕೆಂದು ಬೀರು ತೆಗೆದರೆ ಕಾಫಿ ಡಬ್ಬ. ಇದೊಂದು ಉಳಿದಿತ್ತಲ್ಲ, ನೋಡಿಬಿಡೋಣ ಎಂದು ಕೂತೆ. ಹೆಚ್ಚೇನೂ ನಿರೀಕ್ಷೆ ಇರಲಿಲ್ಲ. ಮೂಳೆ ಸೀಳಿ ದೀಪ ಹಿಡಿದೆ. ನಡುವೆ ಉಂಗುರ ಹೊಳೆಯುತ್ತಿತ್ತು. ಸಣ್ಣದು, ದುಂಡಗೆ, ಬಂಗಾರದ ಬಣ್ಣ. ಮದುವೆ ಮನೆಯ ಹುಡುಗಿಯ ಮೂಗುಬೊಟ್ಟಿನಷ್ಟು.

ಮೊದಲು ಸಂತೋಷದಿಂದ ಕೂಗಿಕೊಂಡೆ, ಒಬ್ಬಳೇ ಇದ್ದೆ. ಆಮೇಲೆ ಡಬ್ಬದ ಕಡೆ ನೋಡಿದೆ. ಉಳಿದವು ಬಿಸಿಲಲ್ಲಿದ್ದವು, ಇದು ಕತ್ತಲಲ್ಲಿತ್ತು. ನೀರಿನಲ್ಲಿದ್ದಾಗ ಬೆಳಕು ತಡೆಯದ ಔಷಧಿ ಮೂಳೆಯಲ್ಲಿದ್ದಾಗ ಮಾತ್ರ ತಡೆಯುತ್ತದೆಯೇ? ಮೂಳೆಯೊಳಗೆ ಹೋದ ಮೇಲೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಎಂದುಕೊಂಡಿದ್ದೆ ನಾನು. ಕೊಡೆಯ ನೆರಳು ಕೂಡ ಬೀಳದ ಹಾಗೆ ನೋಡಿಕೊಂಡಿದ್ದೆ. ಆ ಮೀನುಗಳ ಹಚ್ಚೆಯನ್ನು ಎಂಟು ದಿನ ಮಗುಚಿ ಮಗುಚಿ ನಾನೇ ಅಳಿಸಿದ್ದೆ.

ಸಾಹೇಬರು ಮಧ್ಯಾಹ್ನ ಬಂದರು. ಕತ್ತಲ ಕೋಣೆಗೆ ಕರೆದು ಉಂಗುರ ತೋರಿಸಿದೆ. ತಾರಸಿಯ ವಿಷಯ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ಅವರು ದೀಪ ಆರಿಸಿದರು.

"ಬಿಸಿಲಿಗೆ ಹಾಕಬೇಡ ಅಂತ ಹೇಳದೇ ಹೋದೆನಲ್ಲ. ನನ್ನದೂ ತಪ್ಪು" ಎಂದರು. ಆಮೇಲೆ ಹೊರಗೆ ಬಂದು ಕುರ್ಚಿಯಲ್ಲಿ ಕೂತು, "ನೋಡಮ್ಮ, ಒಂದು ಮೀನಿಂದ ಏನೂ ಸಾಬೀತಾಗಲ್ಲ. ವರದಿ ವಾಪಸ್ ತಗೊಂಡು ಇನ್ನೊಂದ್ಸಲ ಮೀನು ಹಿಡಿದು ನೋಡ್ತೀವಿ ಅಂತ ಬರೀಬೇಕು. ಯಾಕೆ ಅಂತ ಕೇಳ್ತಾರೆ. ಲ್ಯಾಬಿನವರು ಮೂಳೆ ಕೆಡಿಸಿದ್ರು ಅಂತ ಬರೀಬೇಕಾಗುತ್ತೆ. ನನಗೇನು, ಇನ್ನು ಎಂಟು ತಿಂಗಳು. ನಿನ್ನ ಪರ್ಮನೆಂಟ್ ಫೈಲು ಈಗ ಆ ಮೇಲಿನವರ ಮೇಜಿನ ಮೇಲೇ ಇದೆ. ನೀನು ಹೇಳು, ಬರೀತೀನಿ" ಎಂದರು.

ಅವರು ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದರು. ನಾನು ಮಿಲ್ಲಿನ ಗೇಟಿನ ಮುಂದೆ ನಿಂತ ಅಪ್ಪನನ್ನು ನೆನೆದೆ ಎಂದು ಹೇಳಿದರೆ ಅದು ನಿಜವೇ. ಆದರೆ ಅಪ್ಪನನ್ನು ಅಡ್ಡ ಹಿಡಿಯುವುದು ಬೇಡ. ನನಗೆ ಹೆದರಿಕೆಯಾಯಿತು, ಅಷ್ಟೆ. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

ಸಂಜೆ ನಾಲ್ಕು ಗಂಟೆಗೆ ಗಂಗಪ್ಪ ಬಂದ. ಸುದ್ದಿ ಕೇಳಲೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಸಾಹೇಬರು ಅವನನ್ನು ಕೂರಿಸಿ, ಮರಿಗಳು ಬದುಕಲಿಲ್ಲ ಎಂದು ಎರಡೇ ಮಾತಿನಲ್ಲಿ ಹೇಳಿ, ಸಿಗರೇಟಿಗೆಂದು ಹೊರಗೆ ಹೋದರು. ಗಂಗಪ್ಪ ನನ್ನ ಕಡೆ ತಿರುಗಿದ.

"ನಿಜಾನಾ ಮೇಡಮ್ಮ? ನೀವೂ ನೋಡಿದ್ರಾ?"

ಡಬ್ಬ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ.

"ಹೌದು ಗಂಗಣ್ಣ" ಎಂದೆ.

ಅವನು ತಲೆಯ ಟವಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ವಾದ ಮಾಡುತ್ತಾನೆ, ದೀಪ ತೋರಿಸಿ ಎಂದು ಕೇಳುತ್ತಾನೆ ಎಂದು ನಾನು ಕಾದಿದ್ದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವನು ಕೇಳಿದ್ದು ಬೇರೆ.

"ಸಾಹೇಬ್ರಿಗೆ ಹೇಳ್ಬೇಡಿ ತಾಯಿ. ತಪ್ಪು ನಂದು. ಅವತ್ತು ಗಾಡಿ ಮಾರ್ಕೆಟ್ ಹತ್ರ ಸಿಕ್ಕಾಕ್ಕೊಂಡಿತ್ತಲ್ಲ, ಆವಾಗ ಒಂದು ಬೀಡಿ ಹಚ್ಚಿದೆ. ನೀವು ಮುಂದೆ ಕೂತಿದ್ರಿ, ನೋಡ್ಲಿಲ್ಲ. ಒಂದು ಬೀಡಿ ಮುಗಿಯೋವರ್ಗೂ ನೀರಲ್ಲಿ ಕೈ ಆಡಿಸ್ಲಿಲ್ಲ. ಆವಾಗ್ಲೇ ಉಸ್ರು ಕಟ್ಟಿ ಸೊರಗಿರಬೇಕು. ಬಿಟ್ಟಾಗ ಓಡಾಡ್ತಿದ್ವು, ಆಮೇಲೆ ಹೋಗವೆ." ಅವನು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ಏಳು ಮನೆಯವರ ಅನ್ನ ಕಳ್ದೆ."

ಒಂದು ಬೀಡಿಯಷ್ಟು ಹೊತ್ತಿಗೆ ಮರಿಗಳು ಸಾಯುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವನು ಅವನೇ. ಆದರೆ ದುಃಖದಲ್ಲಿದ್ದವನಿಗೆ ಒಂದು ಕಾರಣ ಬೇಕಿತ್ತು, ತನ್ನ ಕೈಯೇ ಸಿಕ್ಕಿತು. ನಾನು ಎದ್ದು ಒಂದು ಲೋಟ ನೀರು ತಂದುಕೊಟ್ಟೆ. ಅದೊಂದೇ ನಾನು ಮಾಡಿದ್ದು. ನೀರು ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ.

ಇಲ್ಲಿಯವರೆಗಿನದನ್ನು ತಿಳಿಯದೆ ಮಾಡಿದ್ದು, ಹೆದರಿ ಮಾಡಿದ್ದು ಎನ್ನಬಹುದು. ಇನ್ನು ಬರೆಯುವುದಕ್ಕೆ ಅಂಥ ಹೆಸರಿಲ್ಲ. ಆ ಡಬ್ಬ ನನ್ನನ್ನು ತಿನ್ನತೊಡಗಿತು. ಯಾರಾದರೂ ತೆಗೆದು ನೋಡಿದರೆ? ಸಾಹೇಬರ ಮನಸ್ಸು ಬದಲಾದರೆ? ಜೂನ್ ಮೊದಲ ವಾರ, ಮಳೆ ಬಿಟ್ಟು ನಾಲ್ಕು ದಿನ ಚೆನ್ನಾಗಿ ಬಿಸಿಲು ಬಂತು. ನಾನು ಡಬ್ಬ ತೆಗೆದುಕೊಂಡು ತಾರಸಿಗೆ ಹೋಗಿ, ಆ ಮೂಳೆಯನ್ನು ಗೋಡೆಯ ಮೇಲಿಟ್ಟೆ. ನಾಲ್ಕು ದಿನವೂ ಇಟ್ಟೆ. ಬೆಳಗ್ಗೆ ಇಟ್ಟು ಸಂಜೆ ತೆಗೆದೆ, ಇಬ್ಬನಿ ತಾಗದಿರಲಿ ಎಂಬಷ್ಟು ಶ್ರದ್ಧೆಯಿಂದ. ಈ ಸಲ ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಉಂಗುರ ಅಳಿಸಿಹೋಯಿತೋ ಇಲ್ಲವೋ ನೋಡಲು ದೀಪ ಇರಲಿಲ್ಲ. ಐದನೆಯ ದಿನ ಅದನ್ನು ಹಿಂದಿನ ಮೋರಿಗೆ ಎಸೆದೆ.

ಅದೇ ತಿಂಗಳು ನನ್ನ ಆರ್ಡರು ಬಂತು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಬಸ್ ನಿಲ್ದಾಣಕ್ಕೆಂದು ಕೆರೆಯ ಕಟ್ಟೆ ಒಡೆದದ್ದು ಮುಂದಿನ ಬೇಸಿಗೆಯಲ್ಲಿ. ನಾನು ನೋಡಲು ಹೋಗಲಿಲ್ಲ. ನೀರು ಇಳಿದ ಮೇಲೆ ಕೆಸರಿನಲ್ಲಿ ಹೊರಳಾಡುತ್ತಿದ್ದ ಮೀನನ್ನು ಜನ ಬುಟ್ಟಿಗಟ್ಟಲೆ ಬಾಚಿಕೊಂಡರಂತೆ. ಬೆಸ್ತರ ಮನೆಗಳವರು ಒಬ್ಬೊಬ್ಬರು ಒಂದೊಂದು ದಿಕ್ಕಾದರು. ಸಾಹೇಬರು ನಿವೃತ್ತರಾದರು, ನಮ್ಮ ಕಚೇರಿ ಬೇರೆ ಕಡೆ ಹೋಯಿತು. ನನಗೆ ಮದುವೆಯಾಯಿತು. ಆ ಕಡೆಯ ಬಸ್ಸು ಹತ್ತುವುದನ್ನೇ ಬಿಟ್ಟೆ. ಸುತ್ತು ಬಳಸಿ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ, ಯಾಕೆಂದು ಗಂಡ ಕೇಳಿದರೆ ಆ ಬಸ್ಸಿನಲ್ಲಿ ರಷ್ಷು ಎನ್ನುತ್ತಿದ್ದೆ.

ಎಂಟು ವರ್ಷದ ಮೇಲೆ ಗಾಂಧಿ ಬಜಾರಿನಲ್ಲಿ ಲಕ್ಷ್ಮಕ್ಕ ಕಂಡಳು. ನೆಲದ ಮೇಲೆ ಗೋಣಿ ಹಾಸಿಕೊಂಡು ಸೊಪ್ಪು ಮಾರುತ್ತಿದ್ದಳು. ನಾನು ತಲೆ ತಗ್ಗಿಸಿ ದಾಟುವಷ್ಟರಲ್ಲಿ, "ಓ ತಾಯಿ, ಗುರ್ತು ಸಿಗ್ಲಿಲ್ವಾ?" ಎಂದು ಕೂಗಿದಳು. ಗಂಗಪ್ಪನಿಗೆ ಉಬ್ಬಸ, ಮನೆಯಲ್ಲೇ ಇದ್ದಾನೆ, ತ್ಯಾಗರಾಜನಗರದ ಆಚೆ ಒಂದು ಕೋಣೆ ಎಂದಳು. ಅವಳು ಒಂದು ಕಟ್ಟು ಸೊಪ್ಪನ್ನು ಬಲವಂತದಿಂದ ನನ್ನ ಚೀಲಕ್ಕೆ ಹಾಕಿದಳು. ಅದನ್ನು ಹಿಡಿದು ಮನೆಗೆ ಬಂದವಳು ಮೂರು ದಿನ ನಿದ್ದೆ ಮಾಡಲಿಲ್ಲ. ಭಾನುವಾರ ಹೇಳಿಯೇ ತೀರುವುದೆಂದು ಹೊರಟೆ.

ಗಂಗಪ್ಪ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದ. ಅರ್ಧಕ್ಕರ್ಧ ಇಳಿದಿದ್ದ. ನನ್ನನ್ನು ನೋಡಿ ಏಳಲು ಹೋದ, ನಾನು ಬಿಡಲಿಲ್ಲ. ಲಕ್ಷ್ಮಕ್ಕ ಕಾಫಿಗೆ ಇಟ್ಟಳು. ಕಾಫಿ ಬರುವವರೆಗೆ ಕಾದರೆ ಧೈರ್ಯ ಹೋಗುತ್ತದೆಂದು ಕೂತಕೂಡಲೇ ಶುರುಮಾಡಿದೆ. ತಾರಸಿ, ಎಂಟು ಬಿಸಿಲು, ಕಾಫಿ ಡಬ್ಬ, ಒಂದು ಮೂಳೆಯಲ್ಲಿ ಹೊಳೆದ ಉಂಗುರ, ಅವತ್ತು ನಾನು ಹೌದು ಎಂದದ್ದು. ಅವನ ಮುಖ ನೋಡದೆ, ನೆಲಕ್ಕೇ ಹೇಳಿದೆ.

ಅವನ ಎದೆಯ ಸುಯ್ಲು ಮಾತ್ರ ಕೇಳುತ್ತಿತ್ತು. ಬೈಯಲಿ, ಹೊರಗೆ ಹಾಕಲಿ ಎಂದು ಬೇಡಿಕೊಳ್ಳುತ್ತಿದ್ದೆ ನಾನು.

"ಹಂಗಾದ್ರೆ ಬದುಕಿದ್ವಾ?" ಎಂದ.

ತಲೆ ಎತ್ತಿದೆ. ಅವನ ಕಣ್ಣು ತುಂಬಿತ್ತು, ಆದರೆ ಮುಖ ಅರಳಿತ್ತು.

"ಬದುಕಿದ್ವು ಗಂಗಣ್ಣ."

"ಆ ಬೀಡಿಯಿಂದ ಅಲ್ಲ ಹಂಗಾದ್ರೆ?"

"ಅಲ್ಲ."

"ಲೇ ಲಕ್ಷ್ಮೀ, ಕೇಳಿದ್ಯೇನೇ? ನಮ್ ಮರಿಗಳು ಬದುಕಿದ್ವಂತೆ ಕಣೇ! ನಾನು ಹೇಳ್ತಿರ್ಲಿಲ್ವಾ, ಮೆಟ್ಲ ಹತ್ರ ಮೇಯ್ತಿದ್ದೋವು ನಮ್ಮವೇ ಅಂತ!"

ಲಕ್ಷ್ಮಕ್ಕ ಸ್ಟೌ ಪಕ್ಕದಿಂದ ಎದ್ದು ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಅವತ್ತೇ ಯಾಕೆ ಹೇಳ್ಲಿಲ್ಲ ತಾಯಿ? ಎಂಟು ವರ್ಷ ಈ ಮನ್ಸ ತನ್ನ ಕೈಗೆ ತಾನೇ ಶಾಪ ಹಾಕ್ಕೊಂಡ" ಎಂದಳು.

"ಹೆದರಿದ್ದೆ ಲಕ್ಷ್ಮಕ್ಕ. ಕೆಲಸ ಹೋಗುತ್ತೆ ಅಂತ."

ಅವಳು ಏನೋ ಹೇಳಲು ಬಾಯಿ ತೆರೆದಳು. ಗಂಗಪ್ಪ ಕೈ ಎತ್ತಿ ತಡೆದ. "ಬಿಡೇ, ಚಿಕ್ಕ ಹುಡುಗಿ ಅವತ್ತು. ಈಗಾದ್ರೂ ಬಂದು ಹೇಳಿದ್ರಲ್ಲ." ಆಮೇಲೆ ನನ್ನ ಕಡೆ ಬಗ್ಗಿ, ಸಂಕೋಚದಿಂದ, ದೊಡ್ಡದೇನನ್ನೋ ಕೇಳುವವನ ಹಾಗೆ ಕೇಳಿದ. "ಮೇಡಮ್ಮ, ಆ ಒಂದು ಮೂಳೆ ಇಟ್ಟಿದೀರಾ? ದೀಪ ಗೀಪ ಏನೂ ಬೇಡ. ನಂದು ಅಂತ ಒಂದ್ಸಲ ಕೈಯಲ್ಲಿ ಹಿಡ್ಕೋಬೇಕು, ಅಷ್ಟೆ."

ಎಲ್ಲವನ್ನೂ ಹೇಳಲೆಂದು ಹೋದವಳು ಅದೊಂದನ್ನು ಹೇಳಿರಲಿಲ್ಲ. ಗೋಡೆಯ ಮೇಲಿನ ನಾಲ್ಕು ದಿನದ ಬಿಸಿಲು, ಆಮೇಲಿನ ಮೋರಿ. ಈಗ ಹೇಳಬೇಕು ಎಂದು ಬಾಯಿ ತೆರೆದೆ. ಅವನು ತನ್ನ ಬಲಗೈಯನ್ನು ಆಗಲೇ ಸ್ವಲ್ಪ ಮುಂದೆ ಚಾಚಿದ್ದ.

"ಆಫೀಸು ಬದಲಾಯಿಸೋವಾಗ ಎಲ್ಲೋ ಕಳೆದುಹೋಯ್ತು ಗಂಗಣ್ಣ" ಎಂದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡು, ನನ್ನನ್ನು ಸಮಾಧಾನ ಮಾಡುವವನ ಹಾಗೆ ತಲೆಯಾಡಿಸಿದ. "ಹೋಗ್ಲಿ ಬಿಡಿ ತಾಯಿ, ಅದಕ್ಕೆ ಯಾಕೆ ಅಳ್ತೀರಾ. ನೀವು ಕಣ್ಣಾರೆ ನೋಡಿದೀರಲ್ಲ, ನಂಗಷ್ಟು ಸಾಕು."